ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ಗಳ ಚಂದಾ ರದ್ದು ಮಾಡಲು ಕಾರಣವೇನು?

ಬಹಳಷ್ಟು ಜನ ಬಿಡುವುದು ಆಟ ಕೆಟ್ಟದ್ದೆಂದಲ್ಲ, ಮಾಡಲು ಹೊಸದೇನೂ ಉಳಿದಿಲ್ಲವೆಂದು. ಹೊಸ ಎಕ್ಸ್‌ಪ್ಯಾನ್ಶನ್ (ಆಟಕ್ಕೆ ಸೇರುವ ದೊಡ್ಡ ಹೊಸ ಭಾಗ) ಬಂದಾಗ ಮರಳುತ್ತಾರೆ, ಗರಿಷ್ಠ ಲೆವೆಲ್ ಮುಟ್ಟುತ್ತಾರೆ, ರೇಡ್ (ಹಲವರು ಸೇರಿ ಮಾಡುವ ದೊಡ್ಡ ಕಾಳಗ) ಮುಗಿಸುತ್ತಾರೆ. ಆಮೇಲೆ ದಿನವೂ ಅದೇ ಡೈಲಿ ಕ್ವೆಸ್ಟ್, ಅಂದರೆ ಆಟ ಕೊಡುವ ಅದದೇ ಸಣ್ಣ ಕೆಲಸಗಳು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ: 2014ರ ನವೆಂಬರಿನಲ್ಲಿ ವಾರ್‌ಲಾರ್ಡ್ಸ್ ಆಫ್ ಡ್ರೇನರ್ ಎಂಬ ಎಕ್ಸ್‌ಪ್ಯಾನ್ಶನ್ ಬಂದಾಗ ಚಂದಾದಾರರು 1 ಕೋಟಿ ದಾಟಿದ್ದರು; 2015ರ ಮಾರ್ಚ್ ಕೊನೆಗೆ 71 ಲಕ್ಷ, ಜೂನ್ ಕೊನೆಗೆ 56 ಲಕ್ಷ.

ಆದರೆ ಆಟಗಾರನನ್ನು ನಿಜಕ್ಕೂ ಹಿಡಿದಿಡುವುದು ಗಿಲ್ಡ್ (ಒಟ್ಟಿಗೆ ಆಡುವವರ ತಂಡ) ಎಂಬುದು ನನ್ನ ಖಚಿತ ಅಭಿಪ್ರಾಯ. ವಾರ್‌ಕ್ರಾಫ್ಟ್‌ನ ಮಿಥಿಕ್ ರೇಡ್‌ಗೆ, ಅಂದರೆ ಅತಿ ಕಠಿಣ ಮಟ್ಟದ ರೇಡ್‌ಗೆ, 20 ಜನ ಬೇಕು. ಶತ್ರುವಿನ ಏಟು ತಡೆಯುವ ಒಬ್ಬ ಟ್ಯಾಂಕ್, ಗಾಯ ಮಾಯಿಸುವ ಇಬ್ಬರು ಹೀಲರ್ ಬರದಿದ್ದರೆ ಆ ರಾತ್ರಿಯ ಆಟ ಮುಗಿದಂತೆ. ಕೆಲವು ವಾರ ಹೀಗೇ ಆದರೆ ಉಳಿದವರೂ ಬೇರೆ ಗಿಲ್ಡ್ ಹುಡುಕುತ್ತಾರೆ, ಸಿಗದಿದ್ದರೆ ಚಂದಾ ನಿಲ್ಲಿಸುತ್ತಾರೆ. ಹಾಗಾಗಿ ಒಬ್ಬರ ಹಿಂದೆ ಇಡೀ ಗುಂಪೇ ಹೊರಡುತ್ತದೆ.

ಸಿಟ್ಟಿನಿಂದ ಬಿಡುವವರೂ ಇದ್ದಾರೆ. 2005ರ ನವೆಂಬರಿನಲ್ಲಿ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಂಬ ಆಟ ತನ್ನ ಪಾತ್ರಗಳ 30ಕ್ಕೂ ಹೆಚ್ಚು ವೃತ್ತಿಗಳನ್ನು 9ಕ್ಕೆ ಇಳಿಸಿ, ಕಾಳಗದ ಪದ್ಧತಿಯನ್ನೇ ಬದಲಿಸಿತು. ವರ್ಷಗಟ್ಟಲೆ ಬೆಳೆಸಿದ ಪಾತ್ರ ಒಂದೇ ಅಪ್‌ಡೇಟ್‌ನಲ್ಲಿ ಬೇರೆಯವರದ್ದಾದಂತಾಯಿತು. ಆ ನೋವು ಸಣ್ಣದಲ್ಲ.

ಕೆಲಸ, ಮಗು, ಪರೀಕ್ಷೆ ಎಂದು ಸಮಯ ಸಿಗದೆ ಬಿಡುವವರಂತೂ ಸದಾ ಇರುತ್ತಾರೆ.

ನೀವೇ ರದ್ದು ಮಾಡುವುದಾದರೆ ಗೇಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಹಣ ಕಡಿತವಾಗುತ್ತಲೇ ಇರುತ್ತದೆ. ಅಕೌಂಟ್ ಪುಟಕ್ಕೆ ಹೋಗಿ ಆಟೋ ರಿನ್ಯೂವಲ್ ನಿಲ್ಲಿಸಿ. ಸಾಮಾನ್ಯವಾಗಿ, ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಆಡಬಹುದು. ಫೈನಲ್ ಫ್ಯಾಂಟಸಿ 14 ಆಟದೊಳಗೆ ನಿಮ್ಮ ಪಾತ್ರಕ್ಕೆ ಮನೆ ಇದ್ದರೆ ಎಚ್ಚರ: 45 ದಿನ ಒಳಗೆ ಕಾಲಿಡದಿದ್ದರೆ ಅದು ಕೈತಪ್ಪುತ್ತದೆ.