ಮೀಟರ್ ಒಳಗೆ ಕ್ಯಾಮೆರಾ ಇದೆಯಾ ಅಕ್ಕ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಸರ್ಕಾರ ನಮ್ಮ ಮನೆಯೊಳಗೆ ಇಣುಕುತ್ತಿದೆಯಾ ಅಂತ. ಅದರಲ್ಲೂ ನಮ್ಮ ತುಮಕೂರು ಜಿಲ್ಲೆಯವೇ ಜಾಸ್ತಿ. ಹಾಗಾಗಿ ಉಪ್ಪಿನಕಾಯಿಗೆ ಬೂಸ್ಟು ಬಂದವರು, ಅತ್ತೆ ಮೇಲೆ ದೂರು ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತಿಯಾದವಳು. ಬೇರೆಯವರ ಮಾತು ಕಿವಿಗೆ ಬೀಳುವ ಕೆಲಸವನ್ನೇ ಮಾಡಿ ಬಂದಿದ್ದೇನೆ.

ಹೊಸ ಮನೆಗೆ ಸ್ಮಾರ್ಟ್ ಮೀಟರ್ ಹಾಕಿದ್ದಾರೆ. ಅದರಲ್ಲಿ ಕ್ಯಾಮೆರಾ, ಮೈಕ್ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಮ್ಮ ಮಾವ ಅದಕ್ಕೆ ಗೋಣಿಚೀಲ ಹೊದಿಸಿದ್ದಾರೆ. ತೆಗೆಯಲು ಬಿಡುತ್ತಿಲ್ಲ. ಏನು ಮಾಡಲಿ ಅಕ್ಕ?
— ಗೃಹಿಣಿ, ಗುಬ್ಬಿ ತಾಲ್ಲೂಕು

ಚೀಲ ತೆಗೆಸಿಬಿಡಮ್ಮ. ಮಳೆಗಾಲದಲ್ಲಿ ಒದ್ದೆ ಗೋಣಿ ಕರೆಂಟಿನ ಹತ್ತಿರ ಇರುವುದು ಕ್ಯಾಮೆರಾಗಿಂತ ಅಪಾಯ. ಮೀಟರ್‌ನಲ್ಲಿ ಕ್ಯಾಮೆರಾನೂ ಇಲ್ಲ, ಮೈಕೂ ಇಲ್ಲ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಈ ಮೀಟರ್ ಕಡ್ಡಾಯ ಮಾಡುತ್ತಾ ಬಂದಿದೆ. ಒಳಗಿರುವುದು ಕರೆಂಟ್ ಅಳೆಯುವ ಸಾಧನ ಮತ್ತು ಮೊಬೈಲಿನ ಹಾಗೆ ಸುದ್ದಿ ಕಳಿಸುವ ಒಂದು ಚಿಪ್.

ಹಾಗಂತ ನಿಮ್ಮ ಮಾವನನ್ನು ನೋಡಿ ನಗಬೇಡಿ. ಅವರ ಅನುಮಾನ ಪೂರ್ತಿ ಸುಳ್ಳಲ್ಲ. ಹಳೇ ಮೀಟರಿಗೆ ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಒಟ್ಟು ಯೂನಿಟ್ ನೋಡಿ ಬಿಲ್ ಹರಿದು ಕೊಡುತ್ತಿದ್ದ. ಸ್ಮಾರ್ಟ್ ಮೀಟರ್ ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದು ಸಲ ಲೆಕ್ಕ ಬರೆದಿಡುತ್ತದೆ. ಆ ಲೆಕ್ಕ ಸಾಲಾಗಿ ನೋಡಿದರೆ ಎಷ್ಟೋ ಗೊತ್ತಾಗುತ್ತದೆ. ಬೆಳಗ್ಗೆ ಎಷ್ಟೊತ್ತಿಗೆ ಗೀಸರ್ ಹಾಕುತ್ತೀರಿ, ಯಾವಾಗ ಮಿಕ್ಸಿ ತಿರುಗುತ್ತದೆ, ಜಾತ್ರೆಗೆ ಅಂತ ಯಾವ ನಾಲ್ಕು ದಿನ ಮನೆಗೆ ಬೀಗ ಇತ್ತು, ಎಲ್ಲ. ಮನೆ ಖಾಲಿ ಇರುವ ಹೊತ್ತು ಯಾರಿಗೆ ಬೇಕಾದ ಮಾಹಿತಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್ ಎಂಬ ಊರಿನವರು ಇದೇ ತಕರಾರು ಹಿಡಿದು ಕೋರ್ಟಿಗೆ ಹೋದರು. 2018ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು ಗಮನಿಸುವ ಹಾಗಿದೆ. ಕಾಲು ಗಂಟೆಗೊಮ್ಮೆ ಲೆಕ್ಕ ತೆಗೆಯುವುದು ಮನೆ ಶೋಧನೆಯ ಲೆಕ್ಕಕ್ಕೇ ಬರುತ್ತದೆ, ಆದರೆ ಅಲ್ಲಿ ಅದನ್ನು ಪೊಲೀಸ್ ಕೆಲಸಕ್ಕೆ ಮಾಡುತ್ತಿಲ್ಲವಾದ್ದರಿಂದ ನಡೆಯಲಿ ಅಂದಿತು. ನಮ್ಮಲ್ಲಿ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಆದರೆ ಅದೇ ಕಾಯ್ದೆಯಲ್ಲಿ ಸರ್ಕಾರ ತನಗೆ ಬೇಕಾದ ಸಂಸ್ಥೆಗೆ ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆ ಎಂಬ ಕಾರಣ ಕೊಟ್ಟು ವಿನಾಯಿತಿ ಕೊಡಬಹುದು. ಬೇಲಿ ಹಾಕಿದವರೇ ಒಂದು ಕಡೆ ಕಂಡಿ ಬಿಟ್ಟುಕೊಂಡಿದ್ದಾರೆ.

ಮಾವನಿಗೆ ನಿಜವಾಗಿ ಕೋಪವಿದ್ದರೆ ಒಂದು ಅರ್ಜಿ ಬರೆಯಲಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಸಾಕು. ನಮ್ಮ ಮೀಟರಿನ ಲೆಕ್ಕ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರು ಯಾರು ನೋಡಬಹುದು, ಹೊರಗಿನ ಕಂಪನಿಗೆ ಕೊಡುತ್ತೀರಾ, ಪೊಲೀಸರು ಕೇಳಿದರೆ ಯಾವ ಆದೇಶದ ಮೇಲೆ ಕೊಡುತ್ತೀರಿ ಎಂದು ಕೇಳಲಿ. ಮೀಟರಿನ ಸೀಲ್ ಮಾತ್ರ ಮುಟ್ಟುವುದು ಬೇಡ. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ.

ಮನೆ ಮೇಲೆ ಡ್ರೋನ್ ಹಾರಿತು. ನಮ್ಮ ಬಚ್ಚಲಿಗೆ ಸೂರಿಲ್ಲ, ಅಮ್ಮ ಸ್ನಾನ ಮಾಡುತ್ತಿದ್ದರು. ಊರಿನವರೆಲ್ಲ ಪಂಚಾಯಿತಿಯವರ ಮೇಲೆ ಜಗಳಕ್ಕೆ ಹೋದೆವು. ನಾವು ಮಾಡಿದ್ದು ಸರಿ ತಾನೆ?
— ಯುವಕ, ಕೊರಟಗೆರೆ ತಾಲ್ಲೂಕು

ಜಗಳ ಮಾಡಿದ್ದರಲ್ಲಿ ತಪ್ಪಿಲ್ಲ. ಮೊದಲೇ ಡಂಗುರ ಹೊಡೆಸಿ ಹೇಳಬೇಕಿತ್ತು. ಡ್ರೋನ್ ಹಾರುವ ಒಂದೆರಡು ದಿನ ಮುಂಚೆ ಮನೆ ಸುತ್ತ, ಹಿತ್ತಲಿನ ಅಂಚಿಗೆ ಸುಣ್ಣದ ಗೆರೆ ಎಳೆದಿದ್ದರಾ? ಎಳೆದಿದ್ದರೆ ಅದು ಸ್ವಾಮಿತ್ವ ಯೋಜನೆ. 2020ರ ಏಪ್ರಿಲ್‌ನಲ್ಲಿ ಶುರುವಾಗಿದ್ದು, ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. ಗ್ರಾಮಠಾಣದ ಮನೆಗಳಿಗೆ ಸರಿಯಾದ ನಕ್ಷೆ ಇರಲಿಲ್ಲವಲ್ಲ, ಅದನ್ನು ಮಾಡಿ ಹಕ್ಕಿನ ಪತ್ರ ಕೊಡುವುದಕ್ಕೆ ಸರ್ವೆ ಆಫ್ ಇಂಡಿಯಾ ಡ್ರೋನ್ ಹಾರಿಸುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 5 ಸೆಂಟಿಮೀಟರ್. ಆ ಲೆಕ್ಕದಲ್ಲಿ ನಿಮ್ಮ ಅಮ್ಮನ ಎರಡೂ ಭುಜ ಸೇರಿ ಎಂಟೋ ಒಂಬತ್ತೋ ಚುಕ್ಕೆ. ಮುಖ ಕಾಣುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿ, ಸಮಾಧಾನ ಆಗುತ್ತದೆ.

ಮದುವೆ ಛತ್ರದ ವಿಡಿಯೋ ಹುಡುಗರ ಡ್ರೋನ್ ಆಗಿದ್ದರೆ ಕಥೆಯೇ ಬೇರೆ. ಅದು ಮಹಡಿ ಎತ್ತರಕ್ಕೆ ಇಳಿಯುತ್ತದೆ, ಮುಖವೂ ಕಾಣುತ್ತದೆ. ಹೆಂಗಸು ಖಾಸಗಿಯಾಗಿರುವಾಗ ಬೇಕಂತಲೇ ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಅಂಥದ್ದಾದರೆ ಸೀದಾ ಠಾಣೆಗೆ ಹೋಗಿ. ಮತ್ತೆ ಇನ್ನೊಂದು ಮಾತು, ಬಚ್ಚಲಿಗೆ ಒಂದು ಶೀಟು ಹಾಕಿಸಪ್ಪ.

ಜಾತಿ ಸಮೀಕ್ಷೆಗೆ ಅಂತ ಬಾಗಿಲಿಗೆ ಅಂಟಿಸಿದ ಸ್ಟಿಕ್ಕರ್ ಕೆರೆದು ಹಾಕಬಹುದೇ? ನಮ್ಮ ಆರ್‌ಆರ್ ನಂಬರ್ ಹಿಡಿದು ಮನೆ ಹುಡುಕಿದ್ದಾರಂತೆ.
— ನಿವೃತ್ತ ಗುಮಾಸ್ತ, ಮಧುಗಿರಿ

ಹೌದು, 2025ರ ಸೆಪ್ಟೆಂಬರ್ ಸಮೀಕ್ಷೆಗೆ ಮನೆ ಗುರುತಿಸಿದ್ದು ಕರೆಂಟ್ ಸಂಪರ್ಕದ ಲೆಕ್ಕದಿಂದಲೇ. ಸ್ಟಿಕ್ಕರ್ ಅಂಟಿಸಿದ್ದೂ ಮೀಟರ್ ರೀಡರುಗಳೇ. ಒಂದು ಕೆಲಸಕ್ಕೆ ಕೊಟ್ಟ ವಿಳಾಸ ಇನ್ನೊಂದು ಕೆಲಸಕ್ಕೆ ಹೋಯಿತು ಎಂಬ ನಿಮ್ಮ ಕಸಿವಿಸಿ ನನಗೂ ಇದೆ. ಆ ಸಮೀಕ್ಷೆಗೆ ಉತ್ತರ ಕೊಡುವುದು ಅವರವರ ಇಷ್ಟ, ಮಾಹಿತಿ ಗುಟ್ಟಾಗಿರಬೇಕು ಅಂತ ಹೈಕೋರ್ಟ್ ಆಗಲೇ ಹೇಳಿತ್ತು. 2027ರ ಜನಗಣತಿಗೆ ಹಾಗಿಲ್ಲ, ಉತ್ತರ ಕೊಡಲೇಬೇಕು. ಆದರೆ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗಟ್ಟಿಯಾಗಿದೆ. ನಿಮ್ಮ ಉತ್ತರವನ್ನು ಬೇರೆಯವರು ನೋಡುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವ ಹಾಗಿಲ್ಲ.

ಸ್ಟಿಕ್ಕರ್ ನಿಮ್ಮಿಷ್ಟ. ಬಾಗಿಲ ಪಾಲಿಶ್ ಏಳದ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯಿರಿ.

ಫೋನಿನಲ್ಲಿ ಮಾತಾಡುವಾಗ ಟಿಕ್ ಟಿಕ್ ಸದ್ದು ಬರುತ್ತದೆ. ನನ್ನ ಫೋನ್ ಕದ್ದಾಲಿಸುತ್ತಿದ್ದಾರಾ? ವ್ಯಾಪಾರದ ಮಾತೆಲ್ಲ ಮನೆಯಿಂದಲೇ ಆಡುವುದು.
— ಕೊಬ್ಬರಿ ವ್ಯಾಪಾರಿ, ತಿಪಟೂರು

ಸ್ವಾಮಿ, ಸದ್ದು ಬಂತು ಅಂದರೆ ನೆಟ್‌ವರ್ಕ್ ಸರಿಯಿಲ್ಲ ಅಂತ ಅರ್ಥ. ಸರ್ಕಾರದ ಕದ್ದಾಲಿಕೆ ಫೋನ್ ಕಂಪನಿಯ ಎಕ್ಸ್‌ಚೇಂಜಿನಲ್ಲೇ ಆಗುತ್ತದೆ. ನಿಮ್ಮ ಕಿವಿಗೆ ಏನೂ ಕೇಳಿಸುವುದಿಲ್ಲ.

ನಾನು ಊರಿಂದೂರಿಗೆ ಕಾಲ್ ಜೋಡಿಸುವ ಟ್ರಂಕ್ ಬೋರ್ಡಿನಲ್ಲಿ ಕೂತಿದ್ದ ಕಾಲದಲ್ಲಿ ತಿಪಟೂರಿನಿಂದ ಕೊಬ್ಬರಿ ರೇಟಿನ ಕಾಲ್ ಬೇಕಾದಷ್ಟು ಬರುತ್ತಿದ್ದವು. ಎಲ್ಲ ಅರ್ಜೆಂಟು, ಕೆಲವರದು ಅದಕ್ಕಿಂತ ಬೇಗ ಸಿಗುವ ಲೈಟ್ನಿಂಗು. ಮೂರು ನಿಮಿಷ ಆಯಿತೇ, ಲೈನ್ ಇನ್ನೂ ಇದೆಯೇ ಅಂತ ನಾವು ನಡುನಡುವೆ ಕೀ ತಳ್ಳಿ ಕೇಳಲೇಬೇಕಿತ್ತು. ಅದು ಮಾತಾಡುವವರಿಗೂ ಗೊತ್ತಿತ್ತು. ಅದಕ್ಕೇ ವ್ಯಾಪಾರಿಗಳು ರೇಟನ್ನು ಸಂಕೇತದಲ್ಲಿ ಹೇಳುತ್ತಿದ್ದರು, ಹೊಸದಾಗಿ ಮದುವೆಯಾದವರು ಹವಾಮಾನದ ಬಗ್ಗೆಯೇ ಮಾತಾಡುತ್ತಿದ್ದರು. ಈಗ ಯಾರು ಕೇಳುತ್ತಿದ್ದಾರೆ ಅಂತ ಗೊತ್ತಾಗುವುದೇ ಇಲ್ಲ. ನನ್ನನ್ನು ಕೇಳಿದರೆ ಭಯಪಡಬೇಕಾದ್ದು ಅದಕ್ಕೆ.

ಕದ್ದಾಲಿಕೆ ಅಂದರೆ ಏನಾಗಬಹುದು ಅಂತ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಅದೇ ಆರೋಪದಿಂದ. ಆಗ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. 1996ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಲಗಾಮು ಹಾಕಿತು. ಈಗ 2024ರ ನಿಯಮಗಳಿವೆ. ಮಾಮೂಲಾಗಿ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸಿದರೂ ಒಟ್ಟು 180 ದಿನ ದಾಟುವ ಹಾಗಿಲ್ಲ. ಸರಿಯಾಗಿದೆಯೇ ಅಂತ ನೋಡಲು ಒಂದು ಸಮಿತಿ ಇದೆ. ರಾಜ್ಯದಲ್ಲಿ ಅದರ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ, ಉಳಿದವರೂ ಕಾರ್ಯದರ್ಶಿಗಳೇ. ಒಬ್ಬ ಜಡ್ಜ್ ಇಲ್ಲ. ಎಲ್ಲ ಮುಗಿದ ಮೇಲಾದರೂ "ನಿಮ್ಮ ಫೋನ್ ಕೇಳಿದ್ದೆವು" ಎಂದು ನಿಮಗೆ ತಿಳಿಸಬೇಕು ಅನ್ನುವ ನಿಯಮವೂ ಇಲ್ಲ. ಅಣ್ಣ ಬರೆದ ಲೆಕ್ಕವನ್ನು ತಮ್ಮ ತಪಾಸಣೆ ಮಾಡಿದರೆ ತಪ್ಪು ಸಿಗುವುದು ಕಷ್ಟ, ಅಲ್ವಾ?

ನಿಮ್ಮ ಚಿಂತೆ ತೆರಿಗೆಯದ್ದಾಗಿದ್ದರೆ, ಅದಕ್ಕೆ ಅವರು ಫೋನ್ ಕೇಳಬೇಕಾಗಿಲ್ಲ. ಇ-ವೇ ಬಿಲ್ಲು, ಬ್ಯಾಂಕ್ ಖಾತೆ ಸಾಕು. ಅವೆಲ್ಲ ನೀವೇ ಸಹಿ ಹಾಕಿ ಕೊಟ್ಟಿರುವಂಥವು.

ಸಂಚಾರ್ ಸಾಥಿ ಆ್ಯಪ್ ಎಲ್ಲ ಫೋನಿಗೂ ಕಡ್ಡಾಯವಂತೆ?
— ಶಿರಾದಿಂದ ಕಾಲೇಜು ವಿದ್ಯಾರ್ಥಿನಿ

ಇಲ್ಲ. ಹೊಸ ಫೋನುಗಳಲ್ಲಿ ಈ ಸರ್ಕಾರಿ ಆ್ಯಪ್ ಮೊದಲೇ ಹಾಕಿ ಕೊಡಿ ಅಂತ ಕೇಂದ್ರ ಸರ್ಕಾರ ಫೋನ್ ಕಂಪನಿಗಳಿಗೆ ಹೇಳಿದ್ದು ನಿಜ. ಗಲಾಟೆಯಾಯಿತು, 2025ರ ಡಿಸೆಂಬರ್ ಮೊದಲ ವಾರದಲ್ಲೇ ಹಿಂದೆ ತೆಗೆದುಕೊಂಡರು. ಗಲಾಟೆಯಿಂದ ಏನೂ ಆಗುವುದಿಲ್ಲ ಅನ್ನುವವರಿಗೆ ಇದನ್ನು ತೋರಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಲು ಅದರ ವೆಬ್‌ಸೈಟೇ ಸಾಕು, ಆ್ಯಪ್ ಬೇಕಾಗಿಲ್ಲ.

ಕ್ಯಾತ್ಸಂದ್ರದಲ್ಲಿ ನಾವು ಮೂವರು ಹುಡುಗರು ರೂಮ್ ಮಾಡಿಕೊಂಡಿದ್ದೇವೆ. ಬೀಟ್ ಪೊಲೀಸರು ಬಂದು ಯಾರು, ಎಲ್ಲಿಯವರು, ಏನು ಕೆಲಸ ಅಂತ ಬರೆದುಕೊಂಡರು. ಒಳಗೆ ಬರುತ್ತೇವೆ ಅಂದರೆ ಬಿಡಲೇಬೇಕಾ? ಓನರ್ ಬೇರೆ ನಮ್ಮ ಬಾಗಿಲಿಗೇ ಕ್ಯಾಮೆರಾ ಇಟ್ಟಿದ್ದಾರೆ.
— ವಸಂತನರಸಾಪುರದ ಕಾರ್ಖಾನೆ ಕೆಲಸಗಾರ

ಬಂದವರು 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮದವರಿರಬೇಕು, 2025ರ ಜುಲೈಯಲ್ಲಿ ಶುರುವಾಗಿದ್ದು. ಕಷ್ಟ ಸುಖ ಕೇಳುವುದು ಅದರ ಉದ್ದೇಶ. ನಮಸ್ಕಾರ ಹೇಳಿ, ಬಾಗಿಲಲ್ಲೇ ನಿಂತು ಮಾತಾಡಿ. ಒರಟುತನ ಬೇಡ. ಒಳಗೆ ಬಂದು ನೋಡುತ್ತೇವೆ ಅಂದರೆ ವಾರಂಟ್ ಇದೆಯಾ ಸಾರ್ ಅಂತ ಮೆತ್ತಗೆ ಕೇಳಿ. ವಾರಂಟ್ ಇಲ್ಲದೆ ಶೋಧಿಸಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. 2024ರ ಜುಲೈನಿಂದ ಶೋಧನೆಯ ವಿಡಿಯೋ ಕೂಡ ತೆಗೆಯಬೇಕು. ಆರೋಪಿಯನ್ನು ಹಿಡಿಯಲು ಬಂದಿದ್ದರೆ ಮಾತ್ರ ಅಡ್ಡ ನಿಲ್ಲಬೇಡಿ.

ಖರಕ್ ಸಿಂಗ್ ಅಂತ ಉತ್ತರ ಪ್ರದೇಶದ ಒಬ್ಬರಿದ್ದರು. ದರೋಡೆ ಕೇಸಿನಲ್ಲಿ ಸಾಕ್ಷಿ ಇಲ್ಲ ಅಂತ ಬಿಟ್ಟಿದ್ದರು. ಆದರೂ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ಕೋರ್ಟು ರಾತ್ರಿ ಬಾಗಿಲು ಬಡಿಯುವುದನ್ನು ನಿಲ್ಲಿಸಿತು, ಆದರೆ ಖಾಸಗಿತನ ಮೂಲಭೂತ ಹಕ್ಕೇನಲ್ಲ ಅಂದಿತು. ಆ ಮಾತು ಅಳಿಸಿಹೋಗಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಆ ದಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತೈದು ದಾಟಿತ್ತು. ಮೊಣಕಾಲು ನೋವು ಅಂತ ಗ್ರಾಮಸಭೆ ತಪ್ಪಿಸುವ ನನ್ನ ವಯಸ್ಸಿನವರಿಗೆ ಇದನ್ನು ಹೇಳುತ್ತಿರುತ್ತೇನೆ.

ಓನರ್ ವಿಷಯಕ್ಕೆ ಬರೋಣ. ಗೇಟಿಗೆ, ಮೆಟ್ಟಿಲಿಗೆ ಕ್ಯಾಮೆರಾ ಇಡಲಿ, ಕಳ್ಳರ ಕಾಟ ಇದೆ. ಬಾಗಿಲು ತೆರೆದಾಗ ನಿಮ್ಮ ರೂಮಿನ ಒಳಗು ಅದರಲ್ಲಿ ಕಾಣುತ್ತದೆಯಾ? ಅವರ ಮೊಬೈಲಿನಲ್ಲೇ ತೋರಿಸಿ ಅಂತ ಕೇಳಿ. ಕಾಣುತ್ತಿದ್ದರೆ ಸ್ವಲ್ಪ ತಿರುಗಿಸಲು ಹೇಳಿ. ಬಾಡಿಗೆ ಕರಾರಿನ ಜೊತೆ ಆಧಾರ್ ನಕಲು ಕೊಟ್ಟಿರುತ್ತೀರಲ್ಲ, ಮುಂದಿನ ಸಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅಡ್ವಾನ್ಸ್ ವಾಪಸ್ ಬರುವವರೆಗೆ ಜಗಳ ಮಾತ್ರ ಬೇಡ.