ಕೋರಮಂಗಲದ ಫೋರಂ ಮಾಲ್ ನೆಕ್ಸಸ್ ಆಗಿದ್ದು ಹೇಗೆ?

ಬೆಂಗಳೂರಿನ ಕೋರಮಂಗಲದ ಫೋರಂ ಮಾಲ್ ಯಾವಾಗ ಶುರುವಾಯಿತು, ಬೋರ್ಡಿನಲ್ಲಿ ಈಗ ನೆಕ್ಸಸ್ ಅಂತ ಯಾಕಿದೆ ಎಂದು ಕೇಳಿದ್ದೀರಿ. ಮಡಿವಾಳದ ಕಡೆ ವರ್ಷಗಟ್ಟಲೆ ಇದ್ದವನು ನಾನು, ಗೊತ್ತಿರುವಷ್ಟು ಹೇಳುತ್ತೇನೆ.

ಹೊಸೂರು ರಸ್ತೆಯಲ್ಲಿ ಪ್ರೆಸ್ಟೀಜ್ ಗ್ರೂಪ್ ಕಟ್ಟಿಸಿದ ಈ ಮಾಲ್ ತೆರೆದದ್ದು 2004ರಲ್ಲಿ. ಬ್ರಿಗೇಡ್ ರಸ್ತೆಯ ಕಾಂಪ್ಲೆಕ್ಸ್‌ಗಳು, ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮೊದಲೇ ಇದ್ದವು. ಆದರೆ ವೆಸ್ಟ್‌ಸೈಡ್‌ನಲ್ಲಿ ಬಟ್ಟೆ, ಲ್ಯಾಂಡ್‌ಮಾರ್ಕ್‌ನಲ್ಲಿ ಪುಸ್ತಕ, ಅಲ್ಲೇ ಊಟ, ಅಲ್ಲೇ ಸಿನಿಮಾ ಅಂತ ಇಡೀ ದಿನ ಕಳೆಯುವ ಜಾಗವನ್ನು ನಮ್ಮಂಥವರು ನೋಡಿದ್ದು ಇಲ್ಲೇ ಮೊದಲು. ಕೈಯಲ್ಲಿ ದುಡ್ಡಿಲ್ಲದ ಹುಡುಗರೂ ಮೆಕ್‌ಡೊನಾಲ್ಡ್ಸ್ ಮುಂದಿನ ಮೆಟ್ಟಿಲ ಮೇಲೆ ಸ್ನೇಹಿತರಿಗೆ ಕಾಯುತ್ತ ಸಂಜೆಯೆಲ್ಲ ಕೂತಿರುತ್ತಿದ್ದರು.

ಈ ಮಾಲ್‌ನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದರೊಳಗಿನ ಪಿವಿಆರ್ ಮಲ್ಟಿಪ್ಲೆಕ್ಸ್. 11 ಪರದೆ, ಆಗ ಅದು ದೊಡ್ಡ ಸುದ್ದಿ. ಮಲ್ಟಿಪ್ಲೆಕ್ಸ್ ಅಂದರೆ ಹಿಂದಿ, ಇಂಗ್ಲಿಷ್ ಚಿತ್ರ, ಕನ್ನಡ ಚಿತ್ರಕ್ಕೆ ಕೆ.ಜಿ. ರಸ್ತೆಯ ಹಳೇ ಚಿತ್ರಮಂದಿರಗಳು ಅನ್ನುವ ಭಾವನೆ ಎಲ್ಲರಲ್ಲೂ ಇತ್ತು. 2006ರ ಡಿಸೆಂಬರ್‌ನಲ್ಲಿ ಬಂದ ‘ಮುಂಗಾರು ಮಳೆ’ ಇದೇ ಪಿವಿಆರ್‌ನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಚಿತ್ರ ಜನಕ್ಕೆ ಹಿಡಿಸಿತ್ತು, ನಿಜ. ಜೊತೆಗೆ ಮಲ್ಟಿಪ್ಲೆಕ್ಸ್‌ನ ಲೆಕ್ಕಾಚಾರವೂ ಕೈಹಿಡಿಯಿತು: ದೊಡ್ಡ ಚಿತ್ರಮಂದಿರದಲ್ಲಿ ಕಲೆಕ್ಷನ್ ಇಳಿದರೆ ಚಿತ್ರವನ್ನೇ ಎತ್ತಿಬಿಡುತ್ತಾರೆ, ಇಲ್ಲಾದರೆ ಸಣ್ಣ ಪರದೆಗೆ ದಾಟಿಸಿ, ದಿನಕ್ಕೊಂದೆರಡು ಶೋ ಇಟ್ಟುಕೊಂಡು ನಡೆಸಬಹುದು. ಕೋರಮಂಗಲದ ಮಾಲ್‌ನಲ್ಲಿ ಕನ್ನಡ ಚಿತ್ರಕ್ಕೆ ಟಿಕೆಟ್ ಸಿಗದೆ ಜನ ವಾಪಸ್ ಹೋಗುತ್ತಿದ್ದುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಆಮೇಲೆ ಪೈಪೋಟಿ ಬಂತು. 2005ರಲ್ಲಿ ಗರುಡಾ, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, 2012ರಲ್ಲಿ ಹಳೆಯ ಕಿರ್ಲೋಸ್ಕರ್ ಕಾರ್ಖಾನೆ ಜಾಗದಲ್ಲಿ ಒರಾಯನ್. ಇವುಗಳ ಪಕ್ಕದಲ್ಲಿ ಫೋರಂ ಚಿಕ್ಕದಾಗಿ ಕಾಣತೊಡಗಿತು. ಲ್ಯಾಂಡ್‌ಮಾರ್ಕ್ ಮುಚ್ಚಿತು, ಅದು ನನಗೆ ನಿಜಕ್ಕೂ ಬೇಜಾರಾದ ಸಂಗತಿ. ಅಷ್ಟರಲ್ಲಿ ಪ್ರೆಸ್ಟೀಜ್ ಇದೇ ಹೆಸರನ್ನು ವೈಟ್‌ಫೀಲ್ಡ್, ಮೈಸೂರು, ಮಂಗಳೂರಿಗೂ ಒಯ್ದಿತ್ತು.

ಹೆಸರು ಬದಲಾದದ್ದಕ್ಕೆ ಕಾರಣ ಮಾಲೀಕತ್ವ. ಕೊರೋನಾ ಕಾಲದಲ್ಲಿ ಪ್ರೆಸ್ಟೀಜ್ ತನ್ನ ಮಾಲ್‌ಗಳನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್‌ಗೆ ಮಾರಿತು. ಬ್ಲ್ಯಾಕ್‌ಸ್ಟೋನ್‌ನ ಮಾಲ್ ವ್ಯವಹಾರದ ಹೆಸರು ನೆಕ್ಸಸ್. ಹಾಗಾಗಿ 2022ರಲ್ಲಿ ಬೋರ್ಡು ಬದಲಾಯಿತು, ಮಂಗಳೂರಿನ ಫೋರಂ ಫಿಜಾ ಮಾಲ್ ಕೂಡ ನೆಕ್ಸಸ್ ಪಾಲಾಯಿತು. 2023ರ ಮೇನಲ್ಲಿ ಈ ಮಾಲ್‌ಗಳನ್ನೆಲ್ಲ ಸೇರಿಸಿದ ಟ್ರಸ್ಟ್ (ಕಟ್ಟಡಗಳ ಬಾಡಿಗೆ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಸಂಸ್ಥೆ) ಷೇರುಪೇಟೆಗೆ ಬಂತು, ಮಾಲ್‌ಗಳದ್ದೇ ಆದ ಇಂಥ ಟ್ರಸ್ಟ್ ದೇಶದಲ್ಲಿ ಅದೇ ಮೊದಲು. ಹಂಚಬಹುದಾದ ಆದಾಯದಲ್ಲಿ ಕನಿಷ್ಠ ಶೇ. 90ರಷ್ಟನ್ನು ಯೂನಿಟ್ (ಷೇರಿನಂಥ ಪಾಲು) ಕೊಂಡವರಿಗೆ ಕೊಡಲೇಬೇಕೆಂಬುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಕೋರಮಂಗಲದ ಅಂಗಡಿಯವರು ಕಟ್ಟುವ ಬಾಡಿಗೆಯಲ್ಲಿ ಒಂದು ಪಾಲು ಈಗ ದೇಶದ ಯಾವ್ಯಾವುದೋ ಊರಿನ ಸಣ್ಣ ಹೂಡಿಕೆದಾರರ ಖಾತೆಗೂ ಹೋಗುತ್ತದೆ.

ಒಂದು ಮಾತು: ಆಟೋದವರಿಗೆ ದಾರಿ ಹೇಳುವಾಗ ‘ಫೋರಂ’ ಅಂದರೇ ಸಾಕು.