ಗೋಣಿ ವಾಪಸ್ ಕಳಿಸಿದ್ದು ಯಾಕೆ?

ಪ್ರಶ್ನೆ: ನಮ್ಮ ಮನೆ ಗುಡ್ಡದ ಮೇಲಿದೆ. ಪಂಚಾಯತ್‌ನ ಕಸದ ಗಾಡಿ ಅಲ್ಲಿವರೆಗೆ ಬರುವುದಿಲ್ಲ. ಹಾಗಾಗಿ ಒಣ ಕಸವನ್ನು ಗೋಣಿಯಲ್ಲಿ ತುಂಬಿ ನಾವೇ ಘಟಕಕ್ಕೆ ಕೊಂಡುಹೋದೆವು. ಅಲ್ಲಿದ್ದ ಹೆಂಗಸರು ಬಿಚ್ಚಿ ನೋಡಿ ವಾಪಸ್ ಕಳಿಸಿದರು. ಹಾಲಿನ ತೊಟ್ಟೆ, ಮದ್ದಿನ ಬಾಟಲಿ, ಹಳೇ ಟ್ಯೂಬ್‌ಲೈಟ್ ಇತ್ತು ಅಷ್ಟೆ. ಇದಕ್ಕಿಂತ ಸುಟ್ಟುಬಿಡುವುದೇ ಸುಲಭ ಅಲ್ವಾ?
– ಓದುಗರೊಬ್ಬರು, ಕಾರ್ಕಳ ತಾಲ್ಲೂಕು

ಉತ್ತರ: ದಯವಿಟ್ಟು ಸುಡಬೇಡಿ ಅಕ್ಕ. ಘನತ್ಯಾಜ್ಯ ನಿಯಮದಲ್ಲೇ ಅದಕ್ಕೆ ತಡೆ ಇದೆ. ನಿಯಮ ಹಾಗಿರಲಿ, ಪ್ಲಾಸ್ಟಿಕ್ ಹೊಗೆ ಕುಡಿಯುವವರು ನಿಮ್ಮ ಮನೆಯವರೇ ಅಲ್ವಾ.

ನಾನು ನಮ್ಮೂರ ಘಟಕದಲ್ಲಿ ಕಸ ಬೇರ್ಪಡಿಸುವ ಕೆಲಸ ಮಾಡುತ್ತೇನೆ. ತೊಳೆಯದ ತೊಟ್ಟೆ ಒಂದಿದ್ದರೂ ಸಾಕು, ಮಳೆಗಾಲದಲ್ಲಿ ಇಡೀ ಗೋಣಿಗೆ ಹುಳ ಬೀಳುತ್ತದೆ. ಅದರ ಜೊತೆಗಿದ್ದ ಕಾಗದವೂ ರದ್ದಿಗೆ ಆಗುವುದಿಲ್ಲ. ತೊಳೆದು ಒಣಗಿಸಿದ ತೊಟ್ಟೆಗಾದರೆ ದುಡ್ಡು ಬರುತ್ತದೆ. ಹಾಲು ಸುರಿಯುವಾಗ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಲ್ಲೇ ನೇತಾಡಲಿ. ಕತ್ತರಿಸಿ ಬಿಸಾಡಿದ ಚೂರು ನಮ್ಮ ಕೈಗೆ ಸಿಗುವುದೇ ಇಲ್ಲ, ತೋಡು (ಹಳ್ಳ) ಸೇರುತ್ತದೆ. ಚಿಪ್ಸ್ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆ ಇಲ್ಲ. ಆದರೂ ತನ್ನಿ, ಅಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಉರಿಸಲು ಬಳಸುತ್ತಾರೆ. ನಿಮ್ಮ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣ ಕಸವನ್ನು ತಂದು ವಿಂಗಡಿಸುವ ದೊಡ್ಡ ಘಟಕ (ಎಂಆರ್‌ಎಫ್) ಇದೆ. ಒಮ್ಮೆ ಹೋಗಿ ನೋಡಿ, ಎಲ್ಲ ಅರ್ಥವಾಗುತ್ತದೆ.

ಮದ್ದಿನ ಬಾಟಲಿ ಅಂದಿರಲ್ಲ, ತೋಟಕ್ಕೆ ಬಿಡುವ ಮದ್ದೇ ಇರಬೇಕು. ಹಾಗಿದ್ದರೆ ಅವರು ವಾಪಸ್ ಮಾಡಿದ್ದು ಸರಿ. ಹರಿದ ಗ್ಲೌಸಿನಲ್ಲಿ ಅದನ್ನು ಮುಟ್ಟುವುದು ಅಂದರೆ ನನಗೆ ಈಗಲೂ ಭಯ. ಬಾಟಲಿ ಖಾಲಿಯಾದ ಕೂಡಲೇ ಮೂರು ಸಲ ನೀರು ಹಾಕಿ ಚೆನ್ನಾಗಿ ಕುಲುಕಿ. ಆ ನೀರನ್ನು ಮದ್ದು ಬಿಡುವ ಡ್ರಮ್ಮಿಗೇ ಸುರಿಯಿರಿ, ತೋಡಿಗೆ ಬೇಡವೇ ಬೇಡ. ಯಾರೂ ಮತ್ತೆ ಬಳಸದ ಹಾಗೆ ತೂತು ಮಾಡಿ, ಬೇರೆ ಚೀಲದಲ್ಲಿಟ್ಟು, ಘಟಕದವರನ್ನು ಕೇಳಿಯೇ ಕೊಂಡುಹೋಗಿ.

ಹಳೇ ಮಾದರಿಯ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನೊಳಗೆ ಪಾದರಸ ಇರುತ್ತದೆ. ಒಡೆಯದ ಹಾಗೆ ರಟ್ಟಿನಲ್ಲಿ ಸುತ್ತಿ, ಏನೆಂದು ಹೇಳಿ ಕೈಗೇ ಕೊಡಿ. ಪ್ಯಾಡ್, ಡೈಪರ್ ಇದ್ದರೆ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಹಸಿ ಕಸ ತರಬೇಡಿ, ತೆಂಗಿನ ಬುಡಕ್ಕೆ ಹಾಕಿ.

ಹೋಗುವ ಮೊದಲು ಒಂದು ಫೋನ್ ಮಾಡಿ. ನಾವು ಗಾಡಿಯ ಜೊತೆ ಹೋದರೆ ಘಟಕಕ್ಕೆ ಬೀಗ ಇರುತ್ತದೆ, ಸುಮ್ನೆ ಹೊತ್ತುಕೊಂಡು ಬಂದ ಹಾಗಾಗುತ್ತದೆ. ಇನ್ನೊಂದು ಮಾತು. ಗುಡ್ಡದ ಮನೆಯವರೆಲ್ಲ ಸೇರಿ ಗ್ರಾಮಸಭೆಯಲ್ಲಿ ಕೇಳಿ, ವಾರಕ್ಕೊಂದು ದಿನವಾದರೂ ಗಾಡಿ ಗುಡ್ಡದ ಬುಡದ ರಸ್ತೆಯವರೆಗೆ ಬರಲಿ.